ಬಿಚ್ಚಲೆಂದೇ ಕಟ್ಟುವ ಮನೆ

ಕ್ರಿಸ್‌ಮಸ್‌ಗೆ ಒಂದು ಗೋದಲಿ ಕಟ್ಟಲು ಎಷ್ಟು ದಿನ ಬೇಕು? ಫಳ್ನೀರಿನಲ್ಲಿ ಈ ಪ್ರಶ್ನೆಗೆ ಎರಡು ಉತ್ತರ ಉಂಟು. ಅಂಗಡಿಯಿಂದ ರೆಡಿಮೇಡ್ ತಂದರೆ ಹತ್ತು ನಿಮಿಷ. ಮನೆಯಲ್ಲೇ ಕಟ್ಟಿದರೆ ಮೂರು ವಾರ.

ನಾನು ಬಾಡಿಗೆಗಿರುವ ಮನೆಯ ಕೆಳಗಿನ ಅಂತಸ್ತಿನವರು ಮೂರು ವಾರದ ಪಕ್ಷ. ಮನೆ ಯಜಮಾನರಿಗೆ ಎಪ್ಪತ್ತು ದಾಟಿದೆ. ಡಿಸೆಂಬರ್ ಹತ್ತರ ಹೊತ್ತಿಗೆ ತಟ್ಟೆಗಳಲ್ಲಿ ಭತ್ತ ಹಾಕಿ ಮೊಳಕೆ ಬರಿಸುತ್ತಾರೆ. 24ರ ರಾತ್ರಿಗೆ ಅದು ಗೋದಲಿಯ ಅಂಗಳದ ಹುಲ್ಲುಗಾವಲಾಗಬೇಕು. ಒಂದು ದಿನ ಬೇಗ ಆದರೆ ಉದ್ದವಾಗಿ ಅಡ್ಡ ಬೀಳುತ್ತದೆ, ತಡವಾದರೆ ಬೆತ್ಲೆಹೇಮು ಬೋಳು. ಸಿಮೆಂಟ್ ಚೀಲದ ಕಾಗದ ಮುದುರಿ ಬಣ್ಣ ಹಚ್ಚಿದರೆ ಬಂಡೆ. ಕನ್ನಡಿ ಚೂರು ಕೆರೆ. ಮಾಡಿಗೆ ಮಾತ್ರ ರಟ್ಟು ಕತ್ತರಿಸಿ ಕಾವಿ ಬಳಿದ ಪುಟ್ಟ ಪುಟ್ಟ ಹೆಂಚು, ಒಂದೊಂದೇ ಅಂಟಿಸಬೇಕು. ಬೆತ್ಲೆಹೇಮಿನಲ್ಲಿ ಮಂಗಳೂರು ಹೆಂಚು ಎಲ್ಲಿಂದ ಬಂತು ಅಂತ ಕೇಳಬಾರದು. ಬಾಸೆಲ್ ಮಿಷನ್ನಿನವರು 1865ರಲ್ಲಿ ಇಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಹೆಂಚಿಲ್ಲದ ಮನೆ ಮನೆಯೇ ಅಲ್ಲ ಅನ್ನುವುದು ನಮ್ಮ ಕಡೆಯವರ ತೀರ್ಮಾನ.

ಜನವರಿ 6, ಮೂರು ರಾಯರ ಹಬ್ಬ. ಅದು ಕಳೆದ ಮೇಲೆ ಎಲ್ಲ ಬಿಚ್ಚುತ್ತಾರೆ. ಬೊಂಬೆಗಳು ಹಳೇ ಪೇಪರಿನಲ್ಲಿ ಸುತ್ತಿ ಅಟ್ಟಕ್ಕೆ, ಹುಲ್ಲು ತೆಂಗಿನ ಬುಡಕ್ಕೆ. ಹೆಂಚಿನ ಮಾಡನ್ನಾದರೂ ತೆಗೆದಿಟ್ಟು ಮುಂದಿನ ವರ್ಷ ಬಳಸಬಹುದಲ್ಲ? ಬಳಸುವುದಿಲ್ಲ. ಒಮ್ಮೆ ಮಾಡಿದ್ದನ್ನು ಮತ್ತೆ ಮಾಡಬೇಕಾಗಿ ಬಂದರೆ ಸ್ಕ್ರಿಪ್ಟ್ ಬರೆದು ಕೈತೊಳೆದುಕೊಳ್ಳುವ ಕಸುಬಿನವನಾದ ನನಗೆ ಇದನ್ನು ನೋಡಿ ಸುಮ್ಮನಿರುವುದು ಕಷ್ಟ.

ಎರಡು ವರ್ಷದ ಹಿಂದೆ ಗಲ್ಫಿನಲ್ಲಿರುವ ಮಗ ಆನ್‌ಲೈನಿನಲ್ಲಿ ಒಂದು ಗೋದಲಿ ಕಳಿಸಿದ. ಚಂದ ಉಂಟು ಮಾರಾಯ್ರೆ, ಸುಳ್ಳು ಯಾಕೆ ಹೇಳಬೇಕು? ಮರದ್ದು, ಒಳಗೆ ಎಲ್‌ಇಡಿ ಬಲ್ಬು, ಕುರಿಮರಿಗೆ ಕಣ್ಣುರೆಪ್ಪೆ ಕೂಡ. ಅಪ್ಪನ ಬೆನ್ನಿಗೆ ತ್ರಾಸ ಬೇಡ ಅನ್ನುವ ಪ್ರೀತಿಯಿಂದಲೇ ಕಳಿಸಿದ್ದು. ಯಜಮಾನರು ಅದನ್ನು ಟಿವಿ ಪಕ್ಕ ಇಟ್ಟರು. ಹೊರಗೆ ಜಗಲಿಯಲ್ಲಿ ಸಿಮೆಂಟ್ ಚೀಲ ಮುದುರುತ್ತಾ ಕೂತರು.

ಇಲ್ಲಿ ಮಗನ ವಾದವೇ ಗಟ್ಟಿ ಅಂತ ನನಗೆ ಅನ್ನಿಸಿತ್ತು. ಗೋದಲಿಯ ಮೂಲಕ್ಕೆ ಹೋದರೂ ಹಾಗೇ ಕಾಣುತ್ತದೆ. ಇಟಲಿಯ ಗ್ರೆಚ್ಚೊ ಅನ್ನುವ ಹಳ್ಳಿಯಲ್ಲಿ 1223ರಲ್ಲಿ ಸಂತ ಫ್ರಾನ್ಸಿಸ್ ಹುಲ್ಲು ಹಾಸಿ, ಎತ್ತು ಕತ್ತೆ ನಿಲ್ಲಿಸಿ ಆ ದೃಶ್ಯವನ್ನು ಏರ್ಪಡಿಸಿದ್ದು ಜನ ಕಣ್ಣಾರೆ ನೋಡಲಿ ಅಂತ. ಉದ್ದೇಶ ನೋಡುವುದಾದರೆ ಯಾರು ಕಟ್ಟಿದರೇನು? ಕಣ್ಣುರೆಪ್ಪೆಯ ಕುರಿಮರಿಯೇ ಹೆಚ್ಚು ಚೆನ್ನಾಗಿ ಕಾಣುತ್ತದೆ.

ಇದಕ್ಕೆ ಅರ್ಥಶಾಸ್ತ್ರದವರು ಒಂದು ಹೆಸರಿಟ್ಟಿದ್ದಾರೆ: ಐಕಿಯಾ ಎಫೆಕ್ಟ್. ನಾರ್ಟನ್, ಮೋಚನ್, ಏರಿಯಲಿ ಅನ್ನುವ ಮೂವರ 2012ರ ಪ್ರಬಂಧ. ಜನರ ಕೈಲಿ ಪೆಟ್ಟಿಗೆ ಜೋಡಿಸಿಸಿ, ಕಾಗದದ ಒರಿಗಾಮಿ ಮಡಚಿಸಿ, ಲೆಗೋ ಕಟ್ಟಿಸಿ ನೋಡಿದರು. ಸ್ವಂತ ಕೈಯಲ್ಲಿ ಮಾಡಿದ್ದಕ್ಕೆ ಜನ ಹೆಚ್ಚು ಬೆಲೆ ಕೊಡುತ್ತಾರೆ, ಅದು ಎಷ್ಟು ಸೊಟ್ಟಗಿದ್ದರೂ. ಅಂದರೆ ನಮ್ಮ ಯಜಮಾನರದ್ದು ಒಂದು ಭ್ರಮೆ, ಹೆತ್ತವರಿಗೆ ಹೆಗ್ಗಣ ಮುದ್ದು ಅಂದಹಾಗೆ. ಆದರೆ ಅದೇ ಪ್ರಬಂಧದಲ್ಲಿ ಇನ್ನೊಂದು ಮಾತೂ ಇದೆ. ಕಟ್ಟಿದ್ದನ್ನು ಅಲ್ಲೇ ಕೆಡವಿಸಿದರೆ ಆ ಹೆಚ್ಚುವರಿ ಮಮತೆ ಮಾಯವಾಗುತ್ತದಂತೆ. ನನಗೆ ಸಿಕ್ಕಿಬಿದ್ದ ಜಾಗ ಇದು. ಗೋದಲಿ ಪ್ರತಿವರ್ಷ ಕೆಡವುವಂಥದ್ದು, ಮೊದಲ ಹೆಂಚು ಅಂಟಿಸುವಾಗಲೇ ಅದು ಗೊತ್ತು. ಮಮತೆ ವಸ್ತುವಿನ ಮೇಲಿದ್ದರೆ ಜನವರಿ ಏಳಕ್ಕೆ ಇವರು ಸಪ್ಪಗಾಗಬೇಕಿತ್ತು. ಆಗುವುದಿಲ್ಲ, ಸಿಳ್ಳೆ ಹಾಕುತ್ತಾ ಬಿಚ್ಚುತ್ತಾರೆ. ಹಾಗಾದರೆ ಅವರು ಬೆಲೆ ಕಟ್ಟಿದ್ದು ಗೋದಲಿಗೆ ಅಲ್ಲ, ಆ ಮೂರು ವಾರಕ್ಕೆ. ಮೂರು ವಾರವನ್ನು ಪಾರ್ಸೆಲ್ ಮಾಡಿ ಕಳಿಸಲು ಬರುವುದಿಲ್ಲ.

ಜರ್ಮನಿಯವರ ಜಿಂಜರ್‌ಬ್ರೆಡ್ ಮನೆಯದ್ದೂ ಇದೇ ಕತೆ. 1812ರಲ್ಲಿ ಗ್ರಿಮ್ ಸಹೋದರರು ಅಚ್ಚು ಹಾಕಿಸಿದ ಹಾನ್ಸೆಲ್ ಮತ್ತು ಗ್ರೇಟೆಲ್ ಕತೆಯಲ್ಲಿ ಬ್ರೆಡ್ಡಿನ ಗೋಡೆ, ಕೇಕಿನ ಮಾಡು, ಸಕ್ಕರೆಯ ಕಿಟಕಿ. ಅಲ್ಲಿನ ಮನೆಗಳಲ್ಲಿ ಶುಂಠಿ ಬಿಸ್ಕತ್ತಿನ ಗೋಡೆ ನಿಲ್ಲಿಸಿ, ಸಕ್ಕರೆ ಗಾರೆಯಲ್ಲಿ ಅಂಟಿಸಿ, ಹಬ್ಬ ಮುಗಿದ ಮೇಲೆ ಒಡೆದು ತಿನ್ನುತ್ತಾರೆ. (ನಮ್ಮ ಕರಾವಳಿಯ ಸೆಕೆಯಲ್ಲಿ ಆ ಗೋಡೆ ಎರಡು ದಿನಕ್ಕೆ ಮೆತ್ತಗಾಗಿ ಕುಸಿದೀತು, ಪ್ರಯತ್ನಿಸುವವರು ಎಸಿ ಹಾಕಿಕೊಳ್ಳಿ.)

ಇಷ್ಟರವರೆಗೆ ಎಲ್ಲ ಸುಲಭ. ಆದರೆ ಇದೇ ವಾದವನ್ನು ಜಗಲಿಯಿಂದ ಅಡುಗೆಮನೆಗೆ ತಂದು ನೋಡಿ, ಕಾಲಡಿಯ ನೆಲ ಅಲ್ಲಾಡುತ್ತದೆ.

ಅಡುಗೆಮನೆಯಲ್ಲಿ ನಡೆಯುವುದು ಕುಸ್ವಾರ್. ನೆವ್ರಿ, ಕಿಡಿಯೊ, ಗುಳಿಯೊ, ರೋಸ್ ಕುಕೀಸ್, ಎಳ್ಳಿನ ಲಾಡು, ಚಕ್ಕುಲಿ. ಕಿಡಿಯೊ ಅಂದರೆ ಕೊಂಕಣಿಯಲ್ಲಿ ಹುಳುಗಳು. ಹಿಟ್ಟಿನ ಸಣ್ಣ ಉಂಡೆಯನ್ನು ಫೋರ್ಕಿನ ಮೇಲೆ ಒತ್ತಿ ಸುರುಳಿ ಮಾಡುವುದು, ಒಂದೊಂದೇ, ಸಾವಿರದಷ್ಟು. ಇದೂ ಹಬ್ಬದ ಸಂಭ್ರಮವೇ. ಆದರೆ ಗೋದಲಿಗೆ ಸ್ಪರ್ಧೆ ಉಂಟು, ಬಹುಮಾನ ಉಂಟು, ನಿಂತು ಫೋಟೋ ತೆಗೆಯುವವರಿದ್ದಾರೆ. ಎಣ್ಣೆ ಬಾಣಲೆ ಮುಂದೆ ರಾತ್ರಿ ಹನ್ನೊಂದರವರೆಗೆ ನಿಂತವಳಿಗೆ ಯಾವ ಬಹುಮಾನ? ‘ಫಲಿತಾಂಶಕ್ಕಿಂತ ಶ್ರಮವೇ ದೊಡ್ಡದು’ ಅಂತ ಅವಳ ಎದುರು ನಿಂತು ಹೇಳಲು ನನಗೆ ನಾಲಗೆ ಏಳದು. ಕಟ್ಟಬೇಕೋ ಬೇಡವೋ ಅನ್ನುವ ಆಯ್ಕೆ ಯಜಮಾನರಿಗೆ ಇತ್ತು. ಬಾಯಿಗೆ, ಅಂದರೆ ಅವರ ಹೆಂಡತಿಗೆ, ನಲವತ್ತು ವರ್ಷ ಇರಲಿಲ್ಲ.

ನಮ್ಮ ಹಳ್ಳಿಮನೆಯಲ್ಲಿ ಇದೇ ವಿಷಯಕ್ಕೆ ದೊಡ್ಡ ಜಗಳವೇ ಆಯಿತು. ಅಮ್ಮ ಈಗ ಹಲಸಿನ ಹಪ್ಪಳ ಮಾಡುವುದಿಲ್ಲ, ಸೊಂಟ ಕೇಳುವುದಿಲ್ಲ. ‘ಇಷ್ಟು ವರ್ಷದ ಸಂಪ್ರದಾಯ ಹೋಯ್ತು’ ಅಂತ ಅಣ್ಣ ಬೇಸರ ಮಾಡಿದ. ಹಪ್ಪಳದ ಮಣೆಯನ್ನು ಜನ್ಮದಲ್ಲಿ ಮುಟ್ಟದವ. ಅಮ್ಮ ಅಂದಳು, ‘ಸಂಪ್ರದಾಯ ಬೇಕಾದವ ರಜೆ ಹಾಕಿ ಬಂದು ಹಲಸಿನಕಾಯಿ ಕೊಚ್ಚಲಿ. ಸೊಳೆ ಬೇಯಿಸುವುದು ನಾನು ಹೇಳಿಕೊಡ್ತೇನೆ.’ ಅಣ್ಣ ಎದ್ದು ತೋಟದ ಕಡೆ ಹೋದ.

ಅಮ್ಮನ ಮಾತಿನ ಮುಂದೆ ಐಕಿಯಾ ಎಫೆಕ್ಟ್ ಪ್ರಬಂಧ ಸಪ್ಪೆ. ಒಂದು ಆಚರಣೆ ಉಳಿಯಬೇಕು ಅನ್ನುವ ಹಕ್ಕು ಅದರಲ್ಲಿ ಕೈ ಹಾಕುವವನಿಗೆ ಮಾತ್ರ. ತಿನ್ನುವವನಿಗೆ ಕೃತಜ್ಞತೆ ಇರಬಹುದು, ಹಕ್ಕೊತ್ತಾಯ ಇರಕೂಡದು. ‘ಹಾಗಾದರೆ ಎಲ್ಲ ನಿಂತುಹೋಗ್ತದೆ’ ಅಂತ ಹೆದರುವವರಿದ್ದಾರೆ. ಕೆಲವು ನಿಂತುಹೋಗಬಹುದು. ನಿಮ್ಮ ನಂತರ ಗೋದಲಿ ಯಾರು ಕಟ್ಟುತ್ತಾರೆ ಅಂತ ಯಜಮಾನರನ್ನೇ ಕೇಳಿದ್ದೆ. ‘ಮಗ ಕಟ್ಟಿದರೆ ಕಟ್ಟಿದ, ಇಲ್ಲದಿದ್ದರೆ ಇಲ್ಲ. ನಾನು ಅವನಿಗೆ ಆಸ್ತಿ ಮಾಡಿಡ್ತಾ ಇಲ್ಲವಲ್ಲ, ನನಗೆ ಖುಷಿ ಆಗ್ತದೆ ಅಂತ ಕಟ್ಟುವುದು’ ಅಂದರು.

ಬಾಯಿ ಈಗ ತಮ್ಮದೇ ಲೆಕ್ಕಾಚಾರ ಮಾಡಿಕೊಂಡಿದ್ದಾರೆ. ನೆವ್ರಿ, ಚಕ್ಕುಲಿ, ಲಾಡನ್ನು ಮನೆಯಲ್ಲೇ ಮಾಡಿ ಮಾರುವ ಒಬ್ಬ ಹೆಂಗಸಿಗೆ ನವೆಂಬರಿನಲ್ಲೇ ಆರ್ಡರ್ ಕೊಡುತ್ತಾರೆ. ಆ ಹೆಂಗಸಿಗೆ ಅದೇ ಕೆಲಸಕ್ಕೆ ದುಡ್ಡು ಸಿಗುತ್ತದೆ, ಅದೇನು ಸಣ್ಣ ವ್ಯತ್ಯಾಸವಲ್ಲ. ನೆರೆಕರೆಯ ಹಿಂದೂ, ಮುಸ್ಲಿಂ ಮನೆಗಳಿಗೆ ಹೋಗುವ ತಟ್ಟೆಯಲ್ಲಿ ಕೊಂಡ ನೆವ್ರಿ ಯಾವುದು ಅಂತ ಈವರೆಗೆ ಯಾರೂ ಕೇಳಿಲ್ಲ. ಕಿಡಿಯೊ ಮಾತ್ರ ಮನೆಯದೇ. ಅದಕ್ಕೊಂದು ಷರತ್ತು: ಮೇಜಿನ ಸುತ್ತ ಕನಿಷ್ಠ ಐದು ಜನ ಫೋರ್ಕ್ ಹಿಡಿದು ಕೂರಬೇಕು, ಗಂಡಸರೂ ಸೇರಿ. ಐದು ಜನ ಆಗದಿದ್ದರೆ ಆ ವರ್ಷ ಕಿಡಿಯೊ ಇಲ್ಲ. ಕಳೆದ ಡಿಸೆಂಬರಿನಲ್ಲಿ ನಾಲ್ಕೇ ಜನ ಆದರು ಅಂತ ಮಹಡಿಯಿಂದ ನನ್ನನ್ನು ಕರೆದರು. ನಾನು ಒತ್ತಿದ ಹುಳುಗಳಿಗೆ ಗೆರೆಯೇ ಮೂಡಲಿಲ್ಲ. ಎಣ್ಣೆಗೆ ಬಿದ್ದ ಮೇಲೆ ಎಲ್ಲ ಒಂದೇ ಬಣ್ಣ ಅಂತ ಬಾಯಿ ಡಬ್ಬಿಗೆ ಸೇರಿಸಿದರು.