ನೋವಿನ ಔಷಧವೂ ಅರಿವಿನ ಪ್ರಶ್ನೆಯೂ

ಆಹಾರ, ಅಭಯ, ಔಷಧ ಮತ್ತು ಶಾಸ್ತ್ರ ಎಂಬ ಚತುರ್ವಿಧ ದಾನಗಳನ್ನು ಶ್ರಾವಕರಾದ ನಾವೆಲ್ಲರೂ ಬಲ್ಲೆವು. ನಾಡಿನ ಅನೇಕ ಬಸದಿಗಳ ಶಿಲಾಶಾಸನಗಳಲ್ಲಿಯೂ ಇವುಗಳ ಉಲ್ಲೇಖವಿದೆ. ಆದರೂ ಮನೆಯ ಹಿರಿಯರು ಅಸಹನೀಯ ವೇದನೆಯಿಂದ ಮಲಗಿದಾಗ, ಆ ಔಷಧದ ಎದುರಿನಲ್ಲೇ ನಮ್ಮ ಮನಸ್ಸು ಡೋಲಾಯಮಾನವಾಗುತ್ತದೆ.

ನನ್ನ ಸೋದರತ್ತೆಯವರಿಗೆ ಅರ್ಬುದ ರೋಗವು ಮೂಳೆಗೆ ವ್ಯಾಪಿಸಿದಾಗ ವೈದ್ಯರು ಮಾರ್ಫಿನ್ ಮಾತ್ರೆ ಬರೆದುಕೊಟ್ಟರು. ಅತ್ತೆಯವರು ಒಪ್ಪಲಿಲ್ಲ. "ಕರ್ಮ ಉದಯಕ್ಕೆ ಬಂದಿದೆ, ಅನುಭವಿಸಿ ಕಳೆದುಕೊಳ್ಳುತ್ತೇನೆ. ಕೊನೆಗಾಲದಲ್ಲಿ ನನ್ನ ಎಚ್ಚರ ತಪ್ಪಿಸಬೇಡಿ" ಎಂದರು. ಮಕ್ಕಳ ಭಯ ಬೇರೆ: ಇದು ಅಫೀಮಿನಿಂದ ಬಂದ ವಸ್ತು; ಚಟ ಹತ್ತೀತು, ಆಯುಷ್ಯ ಮೊಟಕಾದೀತು, ಹಿಂಸೆಯ ದೋಷ ತಮಗೆ ತಗುಲೀತು.

ಈ ಸಂದೇಹಗಳನ್ನು ವಿಚಾರಿಸುವ ಮೊದಲು ಮೂರು ಬಗೆಯ ಔಷಧಗಳನ್ನು ಬೇರೆಬೇರೆಯಾಗಿ ತಿಳಿಯಬೇಕು. ಮೊದಲನೆಯದು ವೇದನಾಶಾಮಕ. ಮಾರ್ಫಿನ್ ಮಿದುಳು ಮತ್ತು ಬೆನ್ನುಹುರಿಯ ನರಕೋಶಗಳಲ್ಲಿರುವ ವಿಶಿಷ್ಟ ಗ್ರಾಹಕಗಳನ್ನು ಸೇರಿ ನೋವಿನ ಸಂದೇಶವನ್ನು ತಗ್ಗಿಸುತ್ತದೆ. ನಮ್ಮ ಶರೀರವೇ ಇಂತಹ ವಸ್ತುಗಳನ್ನು ಉತ್ಪಾದಿಸುತ್ತದೆಂಬುದು ೧೯೭೫ರಲ್ಲಿ ತಿಳಿದುಬಂದಿತು. ಎರಡನೆಯದು ಅರಿವಳಿಕೆ. ೧೮೪೬ರ ಅಕ್ಟೋಬರ್ ೧೬ರಂದು ಅಮೆರಿಕದ ಬೋಸ್ಟನ್ ನಗರದಲ್ಲಿ ಈಥರಿನಿಂದ ಪ್ರದರ್ಶಿತವಾದ ಈ ವಿದ್ಯೆಯು ಶಸ್ತ್ರಚಿಕಿತ್ಸೆಗಾಗಿ ಪ್ರಜ್ಞೆಯನ್ನೇ ಕೆಲಕಾಲ ಮರೆಸುತ್ತದೆ. ಲಿಗ್ನೊಕೇನಿನಂತಹ ಸ್ಥಾನಿಕ ಅರಿವಳಿಕೆಯಾದರೋ ಆಯಾ ಭಾಗದ ನರವನ್ನು ಮಾತ್ರ ತಡೆಯುತ್ತದೆ. ಪ್ರಜ್ಞೆ ಹಾಗೆಯೇ ಇರುತ್ತದೆ. ಮೂರನೆಯದು ಮಿಡಜೋಲಾಮಿನಂತಹ ನಿದ್ರಾಜನಕ. ಇದು ಕಳವಳವನ್ನು ತಗ್ಗಿಸಿ ಮಂಪರು ತರುತ್ತದೆ. ನೋವನ್ನು ಶಮನಗೊಳಿಸುವ ಗುಣ ಇದಕ್ಕಿಲ್ಲ.

ನೈತಿಕ ಎಚ್ಚರಿಕೆ ಬೇಕಾಗಿರುವುದು ಇಲ್ಲಿಯೇ. ನೋವಿನಿಂದ ನರಳುವವರಿಗೆ ನಿದ್ರಾಜನಕವನ್ನಷ್ಟೇ ಕೊಟ್ಟರೆ ನರಳಾಟ ನಿಲ್ಲಬಹುದು, ನೋವು ನಿಲ್ಲದಿರಬಹುದು. ಆಗ ಸಮಾಧಾನವಾದುದು ರೋಗಿಗೋ, ಆ ನರಳಾಟವನ್ನು ಕೇಳಲಾರದ ನಮಗೋ? ಈ ಪ್ರಶ್ನೆಯನ್ನು ಪ್ರತಿಯೊಂದು ಕುಟುಂಬವೂ ತನ್ನನ್ನು ತಾನೇ ಕೇಳಿಕೊಳ್ಳಬೇಕು.

ಇನ್ನು ಮಕ್ಕಳ ಭಯದ ವಿಷಯ. ಅಲ್ಪ ಪ್ರಮಾಣದಿಂದ ಆರಂಭಿಸಿ, ನೋವಿನ ಅಳತೆಗೆ ತಕ್ಕಂತೆ ವೈದ್ಯರ ನಿಗಾದಲ್ಲಿ ಹೆಚ್ಚಿಸಿದ ಮಾರ್ಫಿನ್ ಆಯುಷ್ಯವನ್ನು ಕತ್ತರಿಸುವುದಿಲ್ಲ. ಅತಿಯಾದರೆ ಉಸಿರಾಟ ಕುಗ್ಗುವುದು ನಿಜ. ಆದುದರಿಂದಲೇ ಕ್ರಮಬದ್ಧತೆ ಮುಖ್ಯ. ಮೊದಲ ಕೆಲವು ದಿನಗಳ ತೂಕಡಿಕೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಮಲಬದ್ಧತೆ ಮಾತ್ರ ಉಳಿಯುವುದರಿಂದ ಅದಕ್ಕೆ ಪ್ರತ್ಯೇಕ ಔಷಧ ಬೇಕು. ವಿಶ್ವ ಆರೋಗ್ಯ ಸಂಸ್ಥೆಯು ೧೯೮೬ರಲ್ಲಿಯೇ ಅರ್ಬುದದ ನೋವಿಗೆ ಮಾರ್ಫಿನ್ ಬಳಕೆಯ ಕ್ರಮವನ್ನು ತಿಳಿಸಿತು. ೧೯೮೫ರ ಮಾದಕ ವಸ್ತುಗಳ ಕಾನೂನಿನ ಬಿಗಿಯಿಂದ ನಮ್ಮ ದೇಶದಲ್ಲಿ ಅದು ದುರ್ಲಭವಾಗಿತ್ತು. ೨೦೧೪ರ ತಿದ್ದುಪಡಿ ಆ ಬಿಗಿಯನ್ನು ಸಡಿಲಿಸಿತು.

ಅತ್ತೆಯವರ ಮಾತು ಇದಕ್ಕಿಂತ ಗಹನವಾದುದು. ವೇದನೆಯು ಅಸಾತಾ ವೇದನೀಯ ಕರ್ಮದ ಉದಯ ಎಂಬುದು ಸತ್ಯ. ಹಸಿವೂ ಹಾಗೆಯೇ ಅಲ್ಲವೆ? ಹಸಿದವನಿಗೆ ಅನ್ನವಿಕ್ಕುವಾಗ ಅವನ ಕರ್ಮಕ್ಷಯಕ್ಕೆ ಅಡ್ಡಬಂದೆವೆಂದು ನಾವು ಭಾವಿಸುವುದಿಲ್ಲ. ಪರೀಷಹ ಜಯವು ತಾನಾಗಿ ಕೈಗೊಂಡ ಸಾಧನೆ. ಅದನ್ನು ಇನ್ನೊಬ್ಬರ ಮೇಲೆ ಹೇರಲಾಗದು. ಸಮತಾಭಾವದಿಂದ ಸಹಿಸಿದಾಗ ನೋವು ತಪಸ್ಸಾದೀತು. ಅದು ಚಿತ್ತವನ್ನೇ ಕದಡಿದರೆ ಉಳಿಯುವುದು ಆರ್ತಧ್ಯಾನ. ವೇದನೆಯ ಚಿಂತೆಯನ್ನು ನಮ್ಮ ಆಚಾರ್ಯರು ಆರ್ತಧ್ಯಾನದ ಭೇದಗಳಲ್ಲಿಯೇ ಎಣಿಸಿದ್ದಾರೆ.

ಸಮಂತಭದ್ರಾಚಾರ್ಯರ ಕಥೆ ಇಲ್ಲಿ ಸ್ಮರಣೀಯ. ಭಸ್ಮಕ ವ್ಯಾಧಿಯಿಂದ ಪೀಡಿತರಾದ ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದಾಗ, ಗುರುಗಳು ಒಪ್ಪದೆ, ಮೊದಲು ರೋಗವನ್ನು ಕಳೆದುಕೊಳ್ಳುವಂತೆ ಆಜ್ಞಾಪಿಸಿದರೆಂದು ಪರಂಪರೆ ಹೇಳುತ್ತದೆ. ಪ್ರತೀಕಾರವಿಲ್ಲದ ರೋಗದಲ್ಲಿ ಸಲ್ಲೇಖನವನ್ನು ವಿಧಿಸಿದವರೂ ಅವರೇ. ಪ್ರತೀಕಾರ ಸಾಧ್ಯವಿದ್ದಾಗ ಅದನ್ನು ತಿರಸ್ಕರಿಸುವುದು ಧರ್ಮವಲ್ಲವೆಂಬ ಸೂಚನೆ ಈ ಕಥೆಯಲ್ಲಿದೆ.

ಕೊನೆಗೆ ವೈದ್ಯರು ಅತ್ತೆಯವರನ್ನು ಕೇಳಿದರು: "ತಾಯಿ, ಈಗ ಣಮೋಕಾರ ಮಂತ್ರವನ್ನು ಪೂರ್ತಿ ಹೇಳಬಲ್ಲಿರಾ?" ಅವರಿಗೆ ಆಗಲಿಲ್ಲ, ಎರಡನೆಯ ಪದಕ್ಕೇ ನೋವು ಮಾತನ್ನು ಕಡಿಯಿತು. ಅಂದು ರಾತ್ರಿ ಮಾತ್ರೆ ಸ್ವೀಕರಿಸಿದರು. ಎರಡು ದಿನ ಹೆಚ್ಚಾಗಿ ನಿದ್ರಿಸಿದರು. ಮೂರನೆಯ ದಿನ ದಿಂಬಿಗೊರಗಿ ಕುಳಿತು, ಸೊಸೆ ಓದುತ್ತಿದ್ದ ಪುರಾಣದಲ್ಲಿ ಒಂದು ಉಚ್ಚಾರಣೆಯನ್ನು ತಿದ್ದಿದರು. ಯಾವ ಎಚ್ಚರವನ್ನು ಔಷಧ ಕಸಿದೀತೆಂದು ಅಂಜಿದ್ದರೋ, ಅದನ್ನು ಅದುವರೆಗೆ ಕಸಿದಿದ್ದುದು ನೋವೇ ಆಗಿತ್ತು.

ಎಲ್ಲ ರೋಗಿಗಳ ಪರಿಸ್ಥಿತಿಯೂ ಹೀಗಿರುವುದಿಲ್ಲ. ಕೆಲವೊಮ್ಮೆ ನೋವನ್ನೂ ಅರಿವನ್ನೂ ಒಟ್ಟಿಗೆ ತೂಗಿ ನೋಡಬೇಕಾಗುತ್ತದೆ. ತಿಳಿದು, ವಿವೇಚಿಸಿ, ಔಷಧ ಬೇಡವೆಂದವರ ನಿರ್ಧಾರವನ್ನು ಗೌರವಿಸಲೇಬೇಕು. ಆದುದರಿಂದ ಹಿರಿಯರು ಸ್ವಸ್ಥಚಿತ್ತರಾಗಿರುವಾಗಲೇ ಅವರ ಇಚ್ಛೆಯನ್ನು ಕೇಳಿಟ್ಟುಕೊಳ್ಳುವುದು ಮಕ್ಕಳ ಕರ್ತವ್ಯ. ಬಸದಿಗಳ ಆಡಳಿತ ಮಂಡಳಿಗಳು ವರ್ಷಕ್ಕೊಮ್ಮೆಯಾದರೂ ಉಪಶಾಮಕ ಚಿಕಿತ್ಸೆ ಬಲ್ಲ ವೈದ್ಯರನ್ನು ಕರೆಸಿ ಈ ವಿಷಯವನ್ನು ಸಮಾಜದ ಮುಂದಿಡಲಿ. ಔಷಧದಾನವೆಂದರೆ ಔಷಧವನ್ನು ಕೊಳ್ಳಲು ಹಣ ಕೊಡುವುದಷ್ಟೇ ಅಲ್ಲ. ಅದರ ಬಗೆಗಿನ ಭಯವನ್ನು ನೀಗಿಸುವುದು ಅಭಯದಾನವೂ ಹೌದು.