ಸಾಕು ಎಂದು ಹೇಳುವವರು ಯಾರು

ರಿಮೋಟ್ ವಿಮಾನದ ಹುಚ್ಚು ಹಿಡಿದವರ ಕೈಯಲ್ಲಿ ದುಡ್ಡು ಕರಗುವ ಕ್ರಮ ಹೆಚ್ಚುಕಡಿಮೆ ಒಂದೇ. ಮೊದಲು ವಿಮಾನ, ಆಮೇಲೆ ಟ್ರಾನ್ಸ್‌ಮಿಟರ್, ಆಮೇಲೆ ಮೋಟರು, ಬ್ಯಾಟರಿ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಹೊರಡುವ ಹೊತ್ತಿಗೆ ಜೇಬಿನಲ್ಲಿ ಎಷ್ಟು ಉಳಿದಿದೆಯೋ ಅಷ್ಟರಲ್ಲಿ ಒಂದು ಚಾರ್ಜರ್. ವಿಮಾನ ಎರಡನೇ ಭಾನುವಾರವೇ ಜಾಲಿ ಮರಕ್ಕೆ ಸಿಕ್ಕಿಕೊಂಡು ಮುಗಿಯಬಹುದು. ಚಾರ್ಜರ್ ಮಾತ್ರ ವರ್ಷಗಟ್ಟಲೆ ಮನೆಯಲ್ಲಿರುತ್ತದೆ, ನಾವು ನಿದ್ದೆ ಮಾಡುವಾಗ ಎಚ್ಚರವಾಗಿರುತ್ತದೆ. ಆದರೂ ಅದನ್ನು ಕೊಳ್ಳುವುದು ಚಿಲ್ಲರೆ ಕಾಸಿನಲ್ಲಿ.

ಬಂಗಾರಪೇಟೆ ಸುತ್ತಿನ ಒಣಗಿದ ಕೆರೆ ಅಂಗಳಗಳಲ್ಲಿ ವಿಮಾನ ಹಾರಿಸಲು ಬರುವ ಹುಡುಗರು ಆಗಾಗ ಕೇಳುತ್ತಾರೆ: "ಅಣ್ಣ, ಯಾವ ಚಾರ್ಜರ್ ತಗೊಳ್ಲಿ?" ಅವರಿಗೆ ಬೇಕಾದದ್ದು ಒಂದು ಕಂಪನಿಯ ಹೆಸರು. ನಾನು ತಿರುಗಿ ಕೇಳುತ್ತೇನೆ: "ರಾತ್ರಿ ಮನೆ ಸೇರೋದು ಎಷ್ಟು ಗಂಟೆಗೆ?" ಇದು ತಮಾಷೆಯಲ್ಲ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ಸ್ಟೇಷನ್ನುಗಳಲ್ಲಿ ಬೆಳಗಿನ ಜಾವದ ಗಾಡಿ ಹತ್ತಿ, ಬಂಗಾರಪೇಟೆ ಮೇಲೆ ಬೆಂಗಳೂರಿಗೆ ಹೋಗಿ, ಕತ್ತಲಾದ ಮೇಲೆ ವಾಪಸು ಬರುವವರ ಊರು ಇದು. 2001ರ ಫೆಬ್ರವರಿ 28ರಂದು ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಲಸ ರೈಲಿನ ಆ ತುದಿಗೆ ಹೋಯಿತು, ಸಂಜೆಗಳು ರೈಲಿನೊಳಗೇ ಕಳೆದವು. ಹಾಗಾಗಿ ಶನಿವಾರ ರಾತ್ರಿ ಊಟ ಮುಗಿಸಿ ಬ್ಯಾಟರಿಯನ್ನು ಚಾರ್ಜಿಗೆ ಹಾಕುತ್ತಾರೆ, ಹಾಕಿ ಮಲಗುತ್ತಾರೆ. ಪುಸ್ತಕಗಳೆಲ್ಲ ಹೇಳುವ ಮೊದಲ ನಿಯಮ, ಚಾರ್ಜ್ ಆಗುವಾಗ ಹತ್ತಿರ ಇರಬೇಕು ಎಂಬುದು. ಹತ್ತಿರ ಇರುವುದಕ್ಕೆ ಸಮಯವೇ ಇಲ್ಲದವರಿಗೆ ಆ ನಿಯಮದಿಂದ ಏನು ಪ್ರಯೋಜನ ಎಂದು ಯೋಚಿಸುತ್ತ ಹೋದಾಗ, ಚಾರ್ಜರ್ ಎಂಬ ಡಬ್ಬಿ ನಿಜಕ್ಕೂ ಯಾರ ಕೆಲಸ ಮಾಡುತ್ತಿದೆ ಎಂಬ ಪ್ರಶ್ನೆ ನನ್ನನ್ನು ಹಿಡಿಯಿತು.

ಹುಡುಗರು ಮಲಗುವುದಕ್ಕೆ ಕಾರಣ ಸೋಮಾರಿತನವಲ್ಲ, ಮೊಬೈಲ್ ಫೋನು. ಫೋನನ್ನು ರಾತ್ರಿಯಿಡೀ ಸಿಕ್ಕಿಸಿಟ್ಟರೆ ಏನೂ ಆಗುವುದಿಲ್ಲ, ಇದಕ್ಕೂ ಆಗಲಾರದು ಎಂಬ ಲೆಕ್ಕ. ಆದರೆ ನಾವು ಫೋನಿನ ಚಾರ್ಜರ್ ಎಂದು ಕರೆಯುವುದು ಚಾರ್ಜರೇ ಅಲ್ಲ, ಗೋಡೆಯ ಕರೆಂಟನ್ನು ಇಳಿಸಿ ಕೊಡುವ ಒಂದು ಅಡಾಪ್ಟರ್ ಅಷ್ಟೆ. ಎಷ್ಟು ತುಂಬಬೇಕು, ಎಲ್ಲಿ ನಿಲ್ಲಿಸಬೇಕು ಎಂದು ತೀರ್ಮಾನಿಸುವ ಸರ್ಕ್ಯೂಟು ಫೋನಿನ ಹೊಟ್ಟೆಯಲ್ಲೇ ಇದೆ. ಬ್ಯಾಟರಿಯ ಮೇಲೊಂದು ರಕ್ಷಣೆಯ ಸರ್ಕ್ಯೂಟು ಬೇರೆ. ನಾವು ವೈರು ಸಿಕ್ಕಿಸುತ್ತೇವೆ, ನಮಗೆ ಕಾಣದ ಯಾರೋ ಕಾವಲು ಕಾಯುತ್ತಾರೆ. ವಿಮಾನದ ಲಿಪೋ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ ಪ್ಯಾಕಿನಲ್ಲಿ ಸಾಮಾನ್ಯವಾಗಿ ಆ ಕಾವಲುಗಾರ ಇಲ್ಲ. ತೂಕ ಉಳಿಸಲೆಂದು, ಒಮ್ಮೆಲೇ ಹತ್ತಾರು ಆಂಪಿಯರ್ ಎಳೆದುಕೊಳ್ಳಲೆಂದು ಅದನ್ನು ಬರಿಮೈಯಲ್ಲಿ ಬಿಟ್ಟಿದ್ದಾರೆ. ಒಂದು ಸೆಲ್ಲಿಗೆ 4.2 ವೋಲ್ಟ್ ದಾಟಿಸಿದರೆ ಒಳಗೆ ಲೋಹದ ಲಿಥಿಯಂ ಪದರಗಟ್ಟುತ್ತದೆ, ದ್ರಾವಣ ಒಡೆದು ಅನಿಲವಾಗುತ್ತದೆ, ಪ್ಯಾಕು ಊದುತ್ತದೆ, ಬಿಸಿಯೇರಿ ಕೊನೆಗೆ ಬೆಂಕಿಯೂ ಹತ್ತಬಹುದು. ಸಾಕು ಎಂದು ಹೇಳುವ ಶಕ್ತಿ ಆ ಪ್ಯಾಕಿಗೆ ಇಲ್ಲ, ಹೊರಗಿನವರು ಯಾರಾದರೂ ಹೇಳಬೇಕು.

ಆ ಹೊರಗಿನವನು ಒಂದು ಕಾಲದಲ್ಲಿ ಮನುಷ್ಯನೇ ಆಗಿದ್ದ, ಅದೂ ಇದೇ ಊರಿನಲ್ಲಿ.

ಕೆಜಿಎಫ್‌ಗೆ ಕರೆಂಟು ಬಂದ ಕಥೆ ಇಲ್ಲಿಯವರಿಗೆಲ್ಲ ಗೊತ್ತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಆರಂಭವಾದ ಯೋಜನೆ, ಇಂಜಿನಿಯರ್ ಜೋಲಿ ಡಿ ಲಾಟ್ಬಿನಿಯೇರ್ ಅವರ ಮೇಲ್ವಿಚಾರಣೆ. 1902ರ ಜೂನ್ ಕೊನೆಗೆ ಶಿವನಸಮುದ್ರದ ಕಾವೇರಿಯಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ವಿದ್ಯುತ್ ಕೊಟ್ಟರು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿದೀಪ ಹತ್ತಿದ್ದು ಅದಾಗಿ ಮೂರು ವರ್ಷಕ್ಕೆ, 1905ರಲ್ಲಿ. ತಂತಿ ತಲೆಯ ಮೇಲೇ ಹಾದುಹೋದ ಹಳ್ಳಿಗಳಿಗಂತೂ ಬೆಳಕು ಬರಲು ದಶಕಗಳು ಹಿಡಿದವು. ಇದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಬೇರೆ. ಧುಮುಕುವ ನೀರಿನ ಕರೆಂಟನ್ನು ಕೂಡಿಡಲು ಬರುವುದಿಲ್ಲ, ಹುಟ್ಟಿದ ಕ್ಷಣವೇ ಯಾರಾದರೂ ಬಳಸಬೇಕು. ಹಗಲು ರಾತ್ರಿ ಪಾಳಿಯಲ್ಲಿ ನಡೆಯುವ, ಪಂಪು ನಿಲ್ಲಿಸಿದರೆ ನೀರು ತುಂಬಿಕೊಳ್ಳುವ ಗಣಿಗಿಂತ ಒಳ್ಳೆಯ ಗಿರಾಕಿ ಅದಕ್ಕೆ ಬೇರೆಲ್ಲಿ ಸಿಗಬೇಕು? (ಪಂಪು ನಿಂತ ಮೇಲೆ ನೀರು ತುಂಬಿಕೊಂಡದ್ದೂ ನಿಜ.)

ಆದರೆ ಅಷ್ಟು ದೂರದಿಂದ ಬಂದ ತಂತಿ ಕೂಡ ಒಂದು ಜಾಗದಲ್ಲಿ ನಿಂತುಹೋಗುತ್ತದೆ. ಚಾಂಪಿಯನ್ ರೀಫ್‌ನಂಥ ಗಣಿಯಲ್ಲಿ, ನೆಲದಿಂದ ಮೂರು ಕಿಲೋಮೀಟರ್‌ಗೂ ಹೆಚ್ಚು ಆಳದಲ್ಲಿ, ಬಂಡೆಯ ಮುಂದೆ ಬಗ್ಗಿ ಕೂತವನ ಹಿಂದೆ ತಂತಿ ಹೋಗಲಾರದು. ಅಲ್ಲಿಂದಾಚೆಗೆ ಬೆಳಕನ್ನು ಮೈಮೇಲೆ ಹೊರಬೇಕು. ಮೇಣದಬತ್ತಿ, ಕಾರ್ಬೈಡ್ ದೀಪಗಳ ಕಾಲ ಕಳೆದ ಮೇಲೆ ಗಣಿಗಳಿಗೆ ಬಂದದ್ದು ಸೊಂಟದ ಬೆಲ್ಟಿಗೆ ಬ್ಯಾಟರಿ, ತಲೆಯ ಟೋಪಿಗೆ ದೀಪ. ಪಾಳಿ ಮುಗಿಸಿ ಮೇಲೆ ಬಂದವರು ದೀಪವನ್ನು ಲ್ಯಾಂಪ್ ರೂಮಿಗೆ ಒಪ್ಪಿಸುತ್ತಿದ್ದರು. ಅಲ್ಲಿ ಅದು ಚಾರ್ಜಿಗೆ ಕೂರುತ್ತಿತ್ತು. ನೋಡಿಕೊಳ್ಳುವುದಕ್ಕೆಂದೇ ಜನ ಇದ್ದರು, ಅದೇ ಅವರ ಉದ್ಯೋಗ, ಅದಕ್ಕೇ ಸಂಬಳ. ಕೆಳಗೆ ದೀಪ ಆರಿದರೆ ಏನಾಗುತ್ತದೆ ಎಂಬುದು ಗೊತ್ತಿದ್ದ ವ್ಯವಸ್ಥೆ ಅದು, ಆದ್ದರಿಂದ ಗಮನಕ್ಕೆ ಪ್ರತ್ಯೇಕ ಕೋಣೆ ಕಟ್ಟಿಸಿ, ಪಾಳಿ ಹಾಕಿ, ಮನುಷ್ಯರನ್ನು ಕೂರಿಸಿತ್ತು.

ಅಂಥ ಕೋಣೆಯಲ್ಲಿ ಕೆಲಸ ಮಾಡಿದ್ದ ಹಿರಿಯರೊಬ್ಬರು ಒಮ್ಮೆ ಸ್ನೇಹಿತನ ಮನೆಯ ವರಾಂಡದಲ್ಲಿ ಸಾಲಾಗಿಟ್ಟಿದ್ದ ಒಂದೇ ಥರದ ಲಿಪೋ ಪ್ಯಾಕುಗಳನ್ನು ನೋಡಿದರು. ಎಷ್ಟು ಬೆಲೆ, ಎಷ್ಟು ಹೊತ್ತು ಹಾರುತ್ತೆ ಎಂದು ಎಲ್ಲರೂ ಕೇಳುವುದನ್ನು ಅವರು ಕೇಳಲಿಲ್ಲ. "ಇದಕ್ಕೆಲ್ಲ ನಂಬರ್ ಯಾಕಪ್ಪಾ ಹಾಕಿಲ್ಲ?" ಎಂದರು. ಸ್ನೇಹಿತ ಎಲ್ಲವೂ ಒಂದೇ ತಾತ ಅಂದ. "ಬರುವಾಗ ಒಂದೇ ಇರುತ್ತೆ," ಎಂದು ಸುಮ್ಮನಾದರು. ಈಗ ಆ ಮನೆಯ ಪ್ಯಾಕುಗಳ ಮೇಲೆ ಮಾರ್ಕರಿನಲ್ಲಿ ಬರೆದ ನಂಬರುಗಳಿವೆ. ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಪ್ರತಿ ಸೆಲ್ಲಿನ ಆಂತರಿಕ ರೋಧ ಬರೆದಿಡುತ್ತಾರೆ. ಯಾವ ಸೆಲ್ಲಿನ ಅಂಕಿ ಉಳಿದವನ್ನು ಬಿಟ್ಟು ಏರುತ್ತ ಹೋಗುತ್ತದೋ ಆ ಪ್ಯಾಕಿಗೆ ಹಾರುವ ಕೆಲಸದಿಂದ ನಿವೃತ್ತಿ.

ಕೆಟ್ಟ ಅಭ್ಯಾಸಗಳು ಒಂದು ಬ್ಯಾಟರಿಯಿಂದ ಇನ್ನೊಂದಕ್ಕೆ ಹರಡುತ್ತವೆ. ಅಜ್ಞಾನಕ್ಕಿಂತ ಹೆಚ್ಚು ಹಾನಿ ಮಾಡುವುದು ಹಳೆಯ ಜ್ಞಾನ. ಬಂಗಾರಪೇಟೆಯಲ್ಲಿ ಯುಪಿಎಸ್ ಇರುವ ಮನೆಗೆ ಹೋಗಿ ನೋಡಿ. ಮೂಲೆಯಲ್ಲಿ ಸೀಸದ ಆಮ್ಲದ ದೊಡ್ಡ ಬ್ಯಾಟರಿ, ಪಕ್ಕದಲ್ಲಿ ಡಿಸ್ಟಿಲ್ಡ್ ವಾಟರಿನ ಕ್ಯಾನು. ಅದಕ್ಕೆ ಸದಾ ತುಂಬಿರುವುದೇ ಆರೋಗ್ಯ. ಖಾಲಿಯಾಗಿ ಬಿಟ್ಟರೆ ಒಳಗಿನ ಫಲಕಗಳ ಮೇಲೆ ಸಲ್ಫೇಟು ಗಟ್ಟಿಯಾಗಿ ಸಾಯುತ್ತದೆ. ಹಳೆಯ ಆಟಿಕೆ ಕಾರುಗಳ ನಿಕಲ್-ಕ್ಯಾಡ್ಮಿಯಂ ಇದಕ್ಕೆ ತದ್ವಿರುದ್ಧ, ಖಾಲಿಯಾಗಿ ಮಲಗಿದರೂ ಅದಕ್ಕೆ ಬೇಸರವಿಲ್ಲ. ಲಿಪೋಗೆ ಎರಡೂ ಆಗದು. ಪೂರ್ತಿ ತುಂಬಿಸಿ ವಾರಗಟ್ಟಲೆ ಇಟ್ಟರೆ ಊದುತ್ತದೆ, 3 ವೋಲ್ಟಿಗಿಂತ ಕೆಳಗೆ ಇಳಿಸಿದರೆ ಮತ್ತೆ ನಂಬಲು ಬರುವುದಿಲ್ಲ. ಸೆಲ್ಲಿಗೆ 3.8 ವೋಲ್ಟಿನ ಆಸುಪಾಸು, ಅಂದರೆ ಹೆಚ್ಚುಕಡಿಮೆ ಅರ್ಧ ಹೊಟ್ಟೆಯಲ್ಲಿ ಅದಕ್ಕೆ ನೆಮ್ಮದಿ. ಭಾನುವಾರ ಗಾಳಿ ಜೋರಾಗಿ ಹಾರಾಟ ರದ್ದಾದರೆ ತುಂಬಿಸಿದ್ದನ್ನು ವಾಪಸು ಇಳಿಸಿಡಬೇಕು. ಯುಪಿಎಸ್ ನೋಡಿ ಬೆಳೆದವರಿಗೆ ಇದು ಒಪ್ಪುವುದೇ ಇಲ್ಲ. ದುಡ್ಡು ಕೊಟ್ಟು ತುಂಬಿಸಿದ ಕರೆಂಟನ್ನು ಚೆಲ್ಲುವುದೇ?

ನಿಲ್ಲಿಸುವ ಗಳಿಗೆಯನ್ನು ಗುರುತಿಸುವ ರೀತಿಯೂ ಬೇರೆ ಬೇರೆ. ನಿಕಲ್ ಮೆಟಲ್ ಹೈಡ್ರೈಡ್ ತುಂಬಿದಾಗ ಅದರ ವೋಲ್ಟೇಜು ಕೆಲವೇ ಮಿಲಿವೋಲ್ಟಿನಷ್ಟು ಕೆಳಗೆ ಬಾಗುತ್ತದೆ, ಚಾರ್ಜರ್ ಆ ಸಣ್ಣ ಬಾಗುವಿಕೆಗೆ ಕಾದು ಕೂರಬೇಕು. ಲಿಪೋ ಅಂಥ ಸುಳಿವು ಕೊಡುವುದಿಲ್ಲ. ಮೊದಲು ಒಂದೇ ಸಮನೆ ಕರೆಂಟು ಕೊಟ್ಟು, 4.2 ವೋಲ್ಟ್ ಮುಟ್ಟಿದ ಮೇಲೆ ವೋಲ್ಟೇಜನ್ನು ಅಲ್ಲಿಗೇ ಹಿಡಿದು, ಕರೆಂಟು ತಾನಾಗಿ ಕುಗ್ಗುವುದನ್ನು ನೋಡುತ್ತಿರಬೇಕು. ಕೊನೆಯ ಸ್ವಲ್ಪಕ್ಕೇ ಹೆಚ್ಚು ಹೊತ್ತು. ಗಾಡಿ ಹಿಡಿಯುವ ಅವಸರದಲ್ಲಿರುವವರು ಆ ಕೊನೆಯ ಸ್ವಲ್ಪವನ್ನು ಬಿಟ್ಟು ಎದ್ದರೂ ನಷ್ಟವಿಲ್ಲ, ಬ್ಯಾಟರಿಗೆ ಲಾಭವೇ.

ಹಾಗಾದರೆ ಯಾವ ಚಾರ್ಜರ್? ನನ್ನ ಉತ್ತರ, ಹೆಚ್ಚು ಮಾತಾಡುವ ಚಾರ್ಜರ್. ಕೆಂಪು ದೀಪ ಹತ್ತಿ ಹಸಿರಾಗುವುದು ಬಿಟ್ಟರೆ ಏನೂ ಹೇಳದ ಅಗ್ಗದ ಡಬ್ಬಿಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಮೂರು ಸೆಲ್ಲಿನ ಪ್ಯಾಕಿಗೆ 12.6 ವೋಲ್ಟ್ ಬಂತು, ಹಸಿರು ಹತ್ತಿತು ಎಂದುಕೊಳ್ಳಿ. ಒಳಗೆ ಎರಡು ಸೆಲ್ಲು 4.3, ಒಂದು 4.0 ಇದ್ದರೂ ಮೊತ್ತ 12.6 ಆಗುತ್ತದೆ. ಮೊತ್ತ ಸರಿಯಿದೆ, ಎರಡು ಸೆಲ್ಲು ಅಪಾಯದಲ್ಲಿವೆ. ಪ್ಯಾಕಿನಿಂದ ಹೊರಡುವ ಸಣ್ಣ ಬಿಳಿ ಬ್ಯಾಲೆನ್ಸ್ ಕನೆಕ್ಟರ್ ಇರುವುದು ಇದಕ್ಕೇ, ಒಂದೊಂದು ಸೆಲ್ಲನ್ನೂ ಬೇರೆಬೇರೆಯಾಗಿ ವಿಚಾರಿಸಲು. ಅದನ್ನು ಸಿಕ್ಕಿಸದೆ ಚಾರ್ಜ್ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಹವ್ಯಾಸಿಗಳೆಲ್ಲ ಬಲ್ಲ ಐಮ್ಯಾಕ್ಸ್ ಬಿ6 ಚಾರ್ಜರಿನಲ್ಲಿ ಒಂದು ಪುಟ್ಟ ಪರದೆ ಬರುತ್ತದೆ. ಶುರು ಮಾಡಲು ಗುಂಡಿ ಒತ್ತಿ ಹಿಡಿದರೆ ತಕ್ಷಣ ಕರೆಂಟು ಬಿಡುವುದಿಲ್ಲ. ಆರ್ ಎಂದು ತಾನು ಎಣಿಸಿದ ಸೆಲ್ಲುಗಳು, ಎಸ್ ಎಂದು ನೀವು ಹೇಳಿದ ಸೆಲ್ಲುಗಳು, ಎರಡನ್ನೂ ಪಕ್ಕಪಕ್ಕ ತೋರಿಸಿ ಒಪ್ಪಿಗೆ ಕೇಳುತ್ತದೆ. ಬಹಳ ಜನ ಅದನ್ನು ಓದದೆ ಎರಡನೇ ಸಲ ಒತ್ತುತ್ತಾರೆ. ನನ್ನ ಮಟ್ಟಿಗೆ ಆ ಯಂತ್ರದಲ್ಲಿ ಬೆಲೆ ಬಾಳುವುದು ಆ ಒಂದು ಪ್ರಶ್ನೆ. ಎಲ್ಲ ನಾನೇ ನೋಡಿಕೊಳ್ಳುತ್ತೇನೆ ಎನ್ನುವ ಯಂತ್ರ ನಮ್ಮನ್ನು ಮಲಗಿಸುತ್ತದೆ, ಕೇಳುವ ಯಂತ್ರ ಅರೆಗಳಿಗೆಯಾದರೂ ಲ್ಯಾಂಪ್ ರೂಮಿನ ಕುರ್ಚಿಯಲ್ಲಿ ಕೂರಿಸುತ್ತದೆ.

ವ್ಯಾಟಿನ ಲೆಕ್ಕ ಬೇಗ ಮುಗಿಯುತ್ತದೆ. ಮೂರು ಸೆಲ್ಲಿನ 2200 ಎಂಎಎಚ್ ಪ್ಯಾಕನ್ನು ಒಂದು ಗಂಟೆಯ ವೇಗದಲ್ಲಿ ತುಂಬಲು 28 ವ್ಯಾಟ್ ಸಾಕು, 5000ದ್ದಕ್ಕೆ 63 ಬೇಕು. ಡಬ್ಬಿಯ ಮೇಲೆ 6 ಆಂಪಿಯರ್ ಎಂದು ದಪ್ಪಕ್ಷರದಲ್ಲಿದ್ದರೂ ಚಾರ್ಜರ್ 50 ವ್ಯಾಟಿನದಾದರೆ ಈ ದೊಡ್ಡ ಪ್ಯಾಕಿಗೆ ಅದು ಕೊನೆಗೆ ಕೊಡುವುದು ನಾಲ್ಕೇ ಆಂಪಿಯರ್. ಬಯಲಿನಲ್ಲಿ ಚಾರ್ಜ್ ಮಾಡುವವರು 12 ವೋಲ್ಟಿನ ಇನ್‌ಪುಟ್ ಇದೆಯೇ ನೋಡಿಕೊಳ್ಳಲಿ. ಆದರೆ ಕಾರಿನ ಬ್ಯಾಟರಿಯಿಂದ ಎಳೆದೆಳೆದು ಕೊನೆಗೆ ಕಾರನ್ನೇ ತಳ್ಳಿಕೊಂಡು ಬರಬಾರದು.

ಮಲಗುವ ಮುಂಚೆ ಚಾರ್ಜಿಗೆ ಹಾಕುವವರಿಗೆ ನಾನು ಉಪದೇಶ ಬಿಟ್ಟಿದ್ದೇನೆ. ರಾತ್ರಿ ಬೇಡ, ಭಾನುವಾರ ಬೆಳಿಗ್ಗೆ ಎದ್ದು ಕಾಫಿಗೆ ನೀರಿಟ್ಟಾಗ ಹಾಕಿ ಎನ್ನುತ್ತೇನೆ. ಸಿಮೆಂಟ್ ನೆಲದ ಮೇಲೆ, ಪರದೆ ಹಾಸಿಗೆಗಳಿಂದ ದೂರ. ಒಂದು ಗಂಟೆಯಲ್ಲಿ ಮುಗಿಯುತ್ತದೆ. ಅಷ್ಟರಲ್ಲಿ ಸ್ನಾನ ತಿಂಡಿ ಆಗಿರುತ್ತದೆ, ಕಿವಿ ಮೂಗು ಅಲ್ಲೇ ಇರುತ್ತವೆ. ಹಾರಾಟ ಒಂದು ಗಂಟೆ ತಡವಾಗುತ್ತದೆ, ನಿಜ. ಕೆರೆ ಅಂಗಳದ ಗಾಳಿ ಅಷ್ಟರೊಳಗೆ ಎದ್ದಿರುತ್ತದೆ ಎಂದು ಹುಡುಗರು ಗೊಣಗುತ್ತಾರೆ. ಅವರ ಗೊಣಗಾಟದಲ್ಲೂ ಸತ್ಯವಿದೆ.

ಇನ್ನೊಂದು ವಿಷಯಕ್ಕೆ ಯಾವ ಚಾರ್ಜರಿನಲ್ಲೂ ಗುಂಡಿ ಇಲ್ಲ. ಯುಪಿಎಸ್ಸಿನ ಸತ್ತ ಬ್ಯಾಟರಿಯನ್ನು ಗುಜರಿಯವನು ತೂಕ ಹಾಕಿ ದುಡ್ಡು ಕೊಟ್ಟು ಒಯ್ಯುತ್ತಾನೆ, ಸೀಸಕ್ಕೆ ಬೆಲೆಯಿದೆ. ಊದಿದ ಲಿಪೋ ತೋರಿಸಿದರೆ ಕೈ ಹಿಂದೆ ಕಟ್ಟಿಕೊಂಡು, "ಅದು ಬೇಡ ಸಾರ್, ಹೊಗೆ ಬರುತ್ತೆ" ಎನ್ನುತ್ತಾನೆ. ಗಣಿ ಬಿಟ್ಟುಹೋದ ಸೈನೈಡ್ ದಿಬ್ಬಗಳ ಪಕ್ಕದಲ್ಲಿ ಬೆಳೆದವರಿಗೆ, ಬೇಡವಾದದ್ದನ್ನು ಊರಾಚೆ ಸುರಿಯುವುದು ಎಂದರೇನು ಎಂದು ವಿವರಿಸಬೇಕಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಆಮದು ಮಾಡಿ ಮಾರುವವರೂ ಆ ಲೆಕ್ಕಕ್ಕೆ ಬರುತ್ತಾರೆ. ಸ್ನೇಹಿತನ ಮನೆಯ ನಿವೃತ್ತ ಪ್ಯಾಕುಗಳು ಸದ್ಯಕ್ಕೆ ಮರಳು ತುಂಬಿದ ತಗಡಿನ ಡಬ್ಬಿಯಲ್ಲಿವೆ. ಅವುಗಳ ಸ್ಟಿಕರಿನ ಮೇಲೆ ವೋಲ್ಟೇಜು, ಎಂಎಎಚ್, ಒಂದು ಡ್ರ್ಯಾಗನ್ನಿನ ಚಿತ್ರ ಎಲ್ಲ ಇವೆ. ಆಮದು ಮಾಡಿದವರ ವಿಳಾಸ ಮಾತ್ರ ಇಲ್ಲ.