ಇಂದಿನ ಧಮ್ಮ ಚಿಂತನೆ: ಪಾದದಿಂದ ಮರಳುವ ರಕ್ತ



ಜಾತಿಯ ಮಾತು ಬಂದಾಗ ನಮ್ಮ ಮುಂದೆ ದೇಹವನ್ನು ಸಾಕ್ಷಿಗೆ ತರುವವರು ಎರಡು ಬಗೆ. ಒಬ್ಬರು ಪುರುಷಸೂಕ್ತ ಹಿಡಿದು ಬರುತ್ತಾರೆ. ಬ್ರಾಹ್ಮಣ ಮುಖ, ಶೂದ್ರ ಪಾದ, ಮೇಲು ಕೀಳು ದೇಹದಲ್ಲೇ ಇದೆ ಎನ್ನುತ್ತಾರೆ. (ನಮ್ಮನ್ನು ಪಾದದಲ್ಲೂ ಇಡಲಿಲ್ಲ, ಆ ಮಾತು ಬೇರೆ.) ಇನ್ನೊಬ್ಬರು ಒಳ್ಳೆಯವರು. "ಎಲ್ಲಾರ ರಕ್ತ ಕೆಂಪಗೇ ಐತಿ ಬಿಡಪ್ಪ" ಅನ್ನುತ್ತಾರೆ, ಚಾ ಮಾತ್ರ ಹೊರಗೆ ತಂದು ಕೊಡುತ್ತಾರೆ.

ಇಬ್ಬರಿಗೂ ರಕ್ತನಾಳಗಳನ್ನೇ ತೋರಿಸೋಣ.

ಹೃದಯದಿಂದ ಹೊರಡುವ ಮಹಾ ಅಪಧಮನಿ ಸುಮಾರು 2.5 ಸೆಂ.ಮೀ. ಅಗಲ, ಗೋಡೆಗೆ 3 ಪದರ. ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಅದರೊಳಗೆ ಹಾಯುತ್ತದೆ. ಆದರೆ ಆ ದಪ್ಪ ಗೋಡೆ ದಾಟಿ ಅಂಗಗಳಿಗೆ ಆಮ್ಲಜನಕ ಇಳಿಯುವುದಿಲ್ಲ. ನಮ್ಮ ತುಂಗಭದ್ರಾ ಎಡದಂಡೆ ನಾಲೆಯ ಹಾಗೆಯೇ ಇದು. ಮುಖ್ಯ ನಾಲೆ ತುಂಬಿ ಹರಿದ ಮಾತ್ರಕ್ಕೆ ಪೈರು ನೆನೆಯುವುದಿಲ್ಲ. ಉಪಕಾಲುವೆ, ತೂಬು, ಹೊಲಗಾಲುವೆ ದಾಟಿ ನೀರು ಗದ್ದೆಗೆ ಬರಬೇಕು. ಕೊನೆ ಭಾಗದ ರೈತರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ದೇಹದ ಹೊಲಗಾಲುವೆಯೇ ಲೋಮನಾಳ. ಅದರ ಗೋಡೆ ಒಂದೇ ಜೀವಕೋಶದಷ್ಟು ತೆಳು. ಕೆಂಪು ರಕ್ತಕಣಗಳು ಒಂದರ ಹಿಂದೊಂದು ಸಾಲಾಗಿ ನುಸುಳುತ್ತವೆ. ಕೊಡುವುದು, ಕೊಳ್ಳುವುದು ನಡೆಯುವುದು ಅಲ್ಲಿ. ರಕ್ತ ದೇಹವನ್ನು ಸುತ್ತಿ ಬರುತ್ತದೆಂದು 1628ರಲ್ಲಿ ತೋರಿಸಿಕೊಟ್ಟ ವಿಲಿಯಂ ಹಾರ್ವೆಗೂ ಈ ನಾಳ ಕಂಡಿರಲಿಲ್ಲ. 1661ರಲ್ಲಿ ಮಾಲ್ಪಿಗಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡಿತು. ಹಾಗಾಗಿ ಚಾ ಹೊರಗೆ ಕೊಡುವವರಿಗೆ ಉತ್ತರ ಇಷ್ಟೇ: ರಕ್ತ ಕೆಂಪಗಿದೆ ಎಂದು ಕಾಲ್ಬೆರಳು ಬದುಕಿಲ್ಲ, ರಕ್ತ ಅದನ್ನು ಮುಟ್ಟುತ್ತದೆ ಎಂದು ಬದುಕಿದೆ.

ಇನ್ನು ಪಾದದ ವಿಷಯ. ಕೆಳಗಿಳಿದ ರಕ್ತ ಮತ್ತೆ ಮೇಲೆ ಹತ್ತಬೇಕಲ್ಲ? ಕಾಲಿನ ಅಭಿಧಮನಿಗಳಲ್ಲಿ ಮೇಲ್ಮುಖವಾಗಿ ಮಾತ್ರ ತೆರೆಯುವ ಕವಾಟಗಳಿವೆ. ನಡೆದಾಗ ಮೀನಖಂಡದ ಸ್ನಾಯು ನಾಳವನ್ನು ಹಿಂಡಿ ರಕ್ತವನ್ನು ಮೇಲಕ್ಕೆ ನೂಕುತ್ತದೆ. ವೈದ್ಯರು ಅದನ್ನು ಎರಡನೇ ಹೃದಯ ಎಂದೇ ಕರೆಯುತ್ತಾರೆ. ಮರಳಿ ಬಂದಷ್ಟು ರಕ್ತವನ್ನೇ ಹೃದಯ ಮತ್ತೆ ಕಳಿಸಬಲ್ಲದು. ಮುಖ ಮಂತ್ರ ಹೇಳುವುದೂ ಪಾದ ಹಿಂದಿರುಗಿಸಿದ ರಕ್ತದ ಬಲದಿಂದಲೇ.

ನಾಟಿ ಕಾಲದಲ್ಲಿ ನಮ್ಮ ಕೇರಿಯ ಅಕ್ಕಂದಿರು, ಅವ್ವಂದಿರು ದಿನವಿಡೀ ಕೆಸರಿನಲ್ಲಿ ಬಗ್ಗಿ ನಿಲ್ಲುತ್ತಾರೆ. ವರ್ಷಗಟ್ಟಲೆ ಹೀಗೆ ನಿಂತರೆ ಕವಾಟ ಸೋತು ರಕ್ತ ಕಾಲಲ್ಲೇ ಉಳಿಯಬಹುದು. ಆಗ ಮೀನಖಂಡದ ಮೇಲೆ ನೀಲಿ ಹುರಿಯಂತೆ ನಾಳ ಉಬ್ಬುತ್ತದೆ. ನಾವು "ನರ" ಅಂತೀವಿ, ಅದು ಅಭಿಧಮನಿ. ಪಾದ ಕೀಳು ಎಂದವರ ತಟ್ಟೆಯ ಸೋನಾ ಮಸೂರಿ ಆ ಕಾಲುಗಳಿಂದ ಬಂದದ್ದು.

ಜಾಣರೊಬ್ಬರು ಕೇಳಬಹುದು: ತುಂಬಾ ರಕ್ತ ಹೋದಾಗ ದೇಹ ಕೈಕಾಲಿಗೆ ಹರಿವು ಕಡಿಮೆ ಮಾಡಿ ಮಿದುಳು, ಹೃದಯವನ್ನು ಉಳಿಸಿಕೊಳ್ಳುವುದಿಲ್ಲವೇ? ನಿಜ, ಹಾಗೇ ಮಾಡುತ್ತದೆ. ಆದರೆ ಅದು ಆಪತ್ತಿನ ಗಳಿಗೆಗೆ. ರಕ್ತ ಹೋಗದೆ ಉಳಿದರೆ ಕಾಲು ಕೊಳೆಯುತ್ತದೆ, ಆ ನಂಜು ಏರಿ ತಲೆಯನ್ನೂ ಬಿಡುವುದಿಲ್ಲ. ಆಪತ್ತಿನ ಗಳಿಗೆಯನ್ನು ಸಾವಿರಾರು ವರ್ಷ ನಡೆಸಿದರೆ ಅದರ ಹೆಸರು ಜಾತಿ.

ಇಷ್ಟಾದರೂ ಒಂದು ಎಚ್ಚರ ಇರಲಿ. ದೇಹ ನೀತಿ ಹೇಳಿಕೊಡುವುದಿಲ್ಲ. ಬೆರಳಿಗೆ ಅವಮಾನ ಆಗುವುದಿಲ್ಲ, ಮನುಷ್ಯನಿಗೆ ಆಗುತ್ತದೆ. ವಾಸೆಟ್ಠ ಸುತ್ತದಲ್ಲಿ ಭಗವಾನ್ ಬುದ್ಧರು ಹುಲ್ಲು, ಹುಳು, ಹಕ್ಕಿಗಳಲ್ಲಿ ಹುಟ್ಟಿನ ಗುರುತು ಬೇರೆಬೇರೆ ಇದೆ, ಮನುಷ್ಯರಲ್ಲಿ ತಲೆಯಿಂದ ಪಾದದವರೆಗೆ ಎಲ್ಲೂ ಅಂಥ ಗುರುತಿಲ್ಲ ಎಂದು ತೋರಿಸುತ್ತಾರೆ. ಅಲ್ಲಿಗೇ ನಿಲ್ಲಿಸದೆ, ಮನುಷ್ಯನನ್ನು ಅವನ ಕರ್ಮದಿಂದ, ಅಂದರೆ ಮಾಡುವ ಕೆಲಸದಿಂದ ತಿಳಿಯಬೇಕು ಎನ್ನುತ್ತಾರೆ. ನಮ್ಮ ಪಕ್ಕದ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಗುರುತಿಸಿದ ಅಶೋಕನ ಶಾಸನವೂ ಧಮ್ಮದಲ್ಲಿ ನಡೆದರೆ ಸಣ್ಣವರೂ ಗುರಿ ಮುಟ್ಟಬಲ್ಲರು, ಇದನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಬೇಕು ಎನ್ನುತ್ತದೆ.

ಮನೆಯಲ್ಲಿ ನಾಟಿಗೆ ಹೋಗುವವರಿದ್ದರೆ ಇಂದು ರಾತ್ರಿ ಅವರ ಕಾಲು ನೋಡಿ. ದಿಂಬಿನ ಮೇಲೆ ಕಾಲಿಟ್ಟು ಮಲಗಲಿ. ಒಂದೇ ಕಾಲು ಬಾತು ನೋಯುತ್ತಿದ್ದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ.